ಹತ್ತಕ್ಕೆ ಆರು ಬಂದರೆ ಗೊತ್ತಾಗುವುದೇನು?

ಮಾರ್ಚ್ ತಿಂಗಳು ಬಂತೆಂದರೆ ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಟಿ.ವಿ. ಸದ್ದು ಅಡಗುವುದು ಹಳೆಯ ಸಂಗತಿ. 2023 ಮತ್ತು 2024ರ ಮಾರ್ಚ್‌ನಲ್ಲಿ ಆ ಮೌನ ಕರ್ನಾಟಕದ ಐದನೇ ತರಗತಿಯ ಮಕ್ಕಳ ಮನೆಗಳಿಗೂ ಬಂದಿತ್ತು. ಹತ್ತು ಹನ್ನೊಂದು ವರ್ಷದ ಮಕ್ಕಳು ತಮ್ಮ ಮೇಷ್ಟ್ರು ಬರೆದ ಪ್ರಶ್ನೆಪತ್ರಿಕೆಯ ಬದಲು ಇಡೀ ರಾಜ್ಯಕ್ಕೆ ಒಂದೇ ಎಂಬಂತೆ ಸಿದ್ಧವಾದ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯಬೇಕಾಗಿತ್ತು. ಸರ್ಕಾರ ಅದಕ್ಕೆ ಇಟ್ಟ ಹೆಸರು ‘ಮೌಲ್ಯಾಂಕನ’. ಜನರ ಬಾಯಲ್ಲಿ ಮಾತ್ರ ಅದು ‘ಪಬ್ಲಿಕ್ ಪರೀಕ್ಷೆ’ಯೇ ಆಯಿತು.

ಆ ಪರೀಕ್ಷೆ ಪಟ್ಟ ಪಾಡನ್ನು ಪೋಷಕರು ಇನ್ನೂ ಮರೆತಿರಲಾರರು. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಸರ್ಕಾರದ ಸುತ್ತೋಲೆಯನ್ನು ರದ್ದು ಮಾಡಿತು. ಐದು ದಿನಗಳ ನಂತರ ವಿಭಾಗೀಯ ಪೀಠ ಪರೀಕ್ಷೆಗೆ ಅನುಮತಿ ನೀಡಿತು. ಮರುವರ್ಷವೂ ಇದೇ ಹಗ್ಗಜಗ್ಗಾಟ. 2024ರ ಮಾರ್ಚ್ 6ರಂದು ರದ್ದು, ಮರುದಿನ ಆ ಆದೇಶಕ್ಕೆ ತಡೆ, 11ರಂದು ಪರೀಕ್ಷೆ ಶುರು, 12ರಂದು ಸುಪ್ರೀಂ ಕೋರ್ಟಿನ ಮಧ್ಯಪ್ರವೇಶ. ಪರೀಕ್ಷೆ ಅರ್ಧಕ್ಕೆ ನಿಂತಿತು. 22ರಂದು ಹೈಕೋರ್ಟ್ ಮತ್ತೆ ಒಪ್ಪಿಗೆ ಕೊಟ್ಟ ಮೇಲೆ ಉಳಿದ ಪತ್ರಿಕೆಗಳು ಮುಗಿದವು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ನೀಡಿತು.

ನ್ಯಾಯಾಲಯದಲ್ಲಿ ನಡೆದದ್ದು ಕಾನೂನಿನ ವಾದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯ ಕೊನೆಯಲ್ಲಿ ಪರೀಕ್ಷೆ ನಡೆಸಲು ಹೇಳಿತು. ಅನುತ್ತೀರ್ಣರಾದವರಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆ ನಡೆಸಬೇಕೆಂದಿತು. ಅದರಲ್ಲೂ ಸೋತ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವುದೋ ಬೇಡವೋ ಎಂಬುದನ್ನು ಸರ್ಕಾರಗಳಿಗೆ ಬಿಟ್ಟಿತು. ಕೇಂದ್ರ ಸರ್ಕಾರ ತನ್ನ ಅಧೀನದ ಶಾಲೆಗಳಲ್ಲಿ ಹಾಗೆ ಉಳಿಸಿಕೊಳ್ಳಲು ಅವಕಾಶ ಕೊಡುವ ನಿಯಮವನ್ನು 2024ರ ಡಿಸೆಂಬರಿನಲ್ಲಿ ಹೊರಡಿಸಿತು. ಕರ್ನಾಟಕ ಸರ್ಕಾರ ತನ್ನ ಮೌಲ್ಯಾಂಕನದಲ್ಲಿ ಯಾವ ಮಗುವನ್ನೂ ಫೇಲು ಮಾಡುವುದಿಲ್ಲವೆಂದೇ ಹೇಳಿತ್ತು.

ಕಾನೂನಿನ ಪ್ರಶ್ನೆ ನ್ಯಾಯಾಧೀಶರಿಗೆ ಸೇರಿದ್ದು. ಪೋಷಕರ ಮುಂದಿರುವುದು ಬೇರೆ ಪ್ರಶ್ನೆ. ಚಿಕ್ಕ ಮಕ್ಕಳಿಗೆ ಪರೀಕ್ಷೆ ಮಾಡುವುದಾದರೂ ಏತಕ್ಕೆ? ಅದರಿಂದ ಬಂದ ಅಂಕವನ್ನು ಮರುದಿನ ಯಾರು, ಹೇಗೆ ಬಳಸುತ್ತಾರೆ?

ಎರಡು ಬಗೆಯ ಅಳತೆ

ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಯಲ್ಲಿರುವ ಅಗುಳನ್ನೆಲ್ಲ ಹಿಚುಕಬೇಕಾಗಿಲ್ಲ. ಒಂದೆರಡು ಅಗುಳು ಸಾಕು. ದೇಶದ ದೊಡ್ಡ ಸಮೀಕ್ಷೆಗಳು ಮಾಡುವುದೂ ಇದನ್ನೇ. 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ 3, 5, 8 ಮತ್ತು 10ನೇ ತರಗತಿಯ ಸುಮಾರು 34 ಲಕ್ಷ ಮಕ್ಕಳು ಭಾಗವಹಿಸಿದ್ದರು. ಅದರ ಮುಂದುವರಿಕೆಯಂತೆ 2024ರ ಡಿಸೆಂಬರ್ 4ರಂದು ‘ಪರಖ್’ ಸಮೀಕ್ಷೆ 3, 6 ಮತ್ತು 9ನೇ ತರಗತಿಗಳಲ್ಲಿ ನಡೆಯಿತು. ಆಯ್ದ ಶಾಲೆಗಳು, ಆಯ್ದ ಮಕ್ಕಳು. ಫಲಿತಾಂಶ ಬರುವುದು ದೇಶಕ್ಕೆ, ರಾಜ್ಯಕ್ಕೆ, ಜಿಲ್ಲೆಗೆ, ಮಗುವಿನ ಹೆಸರಿಗಲ್ಲ.

‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆ ಇನ್ನೂ ಸರಳ. ಸ್ವಯಂಸೇವಕರು ಹಳ್ಳಿಯ ಮನೆಗಳಿಗೇ ಬರುತ್ತಾರೆ. ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ಅದರಲ್ಲಿ ಕೆಲವು ಅಕ್ಷರ, ಕೆಲವು ಪದ, ಒಂದನೇ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿಯ ಮಟ್ಟದ ಪುಟ್ಟ ಕಥೆ. ಗಣಿತಕ್ಕೆ ಅಂಕಿ ಗುರುತಿಸುವುದು, ಎರಡಂಕಿಯ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. ಅಷ್ಟೇ. ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಆ ಕಥೆಯನ್ನು ಓದಬಲ್ಲ ಮಕ್ಕಳು 2022ರಲ್ಲಿ ಶೇ 16.3 ಮಾತ್ರ. 2024ರ ವೇಳೆಗೆ ಅದು ಶೇ 23.4ಕ್ಕೆ ಏರಿತು. ಏರಿಕೆ ಸಮಾಧಾನದ ವಿಷಯವೇ. ಆದರೂ ನಾಲ್ವರಲ್ಲಿ ಮೂವರು ಮಕ್ಕಳು ಎರಡನೇ ತರಗತಿಯ ಪಾಠ ಓದಲಾರದೆ ಮೂರನೇ ತರಗತಿಯಲ್ಲಿ ಕುಳಿತಿದ್ದಾರೆ ಎಂಬುದು ನಿದ್ದೆಗೆಡಿಸಬೇಕಾದ ಮಾತು. ಇಂಥ ಅಳತೆ ಇಲ್ಲದಿದ್ದರೆ ಈ ಮಾತು ಹೊರಗೆ ಬರುತ್ತಲೇ ಇರಲಿಲ್ಲ. ಆದ್ದರಿಂದ ‘ಪರೀಕ್ಷೆಯೇ ಬೇಡ’ ಎನ್ನುವುದು ಸುಲಭದ ಉತ್ತರವೇ ಹೊರತು ಸರಿಯಾದ ಉತ್ತರವಲ್ಲ.

ಆದರೆ ಅನ್ನದ ಹೋಲಿಕೆ ಒಂದು ಹಂತದವರೆಗೆ ಮಾತ್ರ ನಡೆದೀತು. ಒಂದು ಪಾತ್ರೆಯ ಅಕ್ಕಿಯೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಬೇಯುತ್ತದೆ. ಒಂದು ತರಗತಿಯ ಮಕ್ಕಳು ಹಾಗಲ್ಲ. ಜಿಲ್ಲೆಯ ಸರಾಸರಿ ತಿಳಿದರೆ ಅಧಿಕಾರಿಗೆ ಉಪಯೋಗ. ಎದುರಿಗೆ ಕುಳಿತ ಮಗುವಿಗೆ ಏನು ಬರುವುದಿಲ್ಲ ಎಂಬುದನ್ನು ಆ ಸರಾಸರಿ ಹೇಳಲಾರದು. ಅದಕ್ಕೆ ಬೇಕಾದದ್ದು ಎರಡನೆಯ ಬಗೆಯ ಅಳತೆ. ತರಗತಿಯಲ್ಲೇ, ಕಲಿಸುವ ಶಿಕ್ಷಕರೇ, ಕಲಿಕೆಯ ನಡುವೆಯೇ ಮಾಡುವ ಅಳತೆ ಅದು.

62ರಲ್ಲಿ 38 ಕಳೆದರೆ

ಒಂದು ಚಿಕ್ಕ ಉದಾಹರಣೆ ನೋಡಬಹುದು. ಪರೀಕ್ಷೆಯಲ್ಲಿ 62ರಲ್ಲಿ 38 ಕಳೆಯುವ ಲೆಕ್ಕ ಬಂದಿದೆ ಎಂದುಕೊಳ್ಳೋಣ. ಸರಿಯುತ್ತರ 24. ಒಬ್ಬ ಹುಡುಗ 36 ಎಂದು ಬರೆದ. ಪಕ್ಕದ ಹುಡುಗಿ 34 ಎಂದು ಬರೆದಳು. ಹಿಂದಿನ ಬೆಂಚಿನವನದು 100. ಮೂವರಿಗೂ ಸೊನ್ನೆ.

ಮೊದಲನೆಯವನು ಬಿಡಿಸ್ಥಾನದಲ್ಲಿ 2ರಿಂದ 8 ಕಳೆಯಲಾಗದೆ, ದೊಡ್ಡದರಿಂದ ಚಿಕ್ಕದನ್ನು ಕಳೆದು 6 ಬರೆದ. ದಶಕವನ್ನು ಸಾಲ ತರಬೇಕೆಂಬುದೇ ಅವನಿಗೆ ತಿಳಿದಿಲ್ಲ. ಹುಡುಗಿ ಸಾಲ ತಂದಳು. 12ರಲ್ಲಿ 8 ಹೋದರೆ 4 ಎಂದು ಸರಿಯಾಗಿಯೇ ಬರೆದಳು. ಆದರೆ ಸಾಲ ಕೊಟ್ಟ 6ನ್ನು 5 ಮಾಡಲು ಮರೆತಳು. ಮೂರನೆಯವನು ಲೆಕ್ಕದ ಚಿಹ್ನೆ ನೋಡದೆ ಕೂಡಿಬಿಟ್ಟ. ಬಹುಶಃ ಅವನಿಗೆ ಕಳೆಯುವುದು ಚೆನ್ನಾಗಿಯೇ ಬರುತ್ತದೆ. ಒಬ್ಬನಿಗೆ ಪಾಠವನ್ನು ಮೊದಲಿನಿಂದ ಹೇಳಬೇಕು, ಒಬ್ಬಳಿಗೆ ಒಂದು ಹೆಜ್ಜೆ ನೆನಪಿಸಬೇಕು, ಮತ್ತೊಬ್ಬನಿಗೆ ನಿಧಾನ ಕಲಿಸಬೇಕು. ಅಂಕಪಟ್ಟಿಗೆ ಮಾತ್ರ ಈ ಮೂವರೂ ಒಂದೇ.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಅದೇ ಪರೀಕ್ಷೆಯಲ್ಲಿ 52ರಲ್ಲಿ 37 ಕಳೆಯಲು ಕೊಟ್ಟಿದ್ದರೆ ಆ ಹುಡುಗನೂ ಹುಡುಗಿಯೂ ಇಬ್ಬರೂ 25 ಎಂದೇ ಬರೆಯುತ್ತಿದ್ದರು. ತಪ್ಪು ದಾರಿ ಎರಡು, ತಪ್ಪು ಉತ್ತರ ಒಂದು! ಅಂದರೆ ಮಗುವಿನ ತಪ್ಪು ಎಲ್ಲಿದೆಯೆಂದು ತೋರಿಸುವ ಲೆಕ್ಕವನ್ನು ಆರಿಸುವುದೇ ಒಂದು ವಿದ್ಯೆ. ಅದನ್ನು ಬಲ್ಲ ಶಿಕ್ಷಕರು ಹತ್ತು ಲೆಕ್ಕದಿಂದ ತಿಳಿಯುವುದನ್ನು, ಬಲ್ಲದವರು ನೂರು ಅಂಕದ ಪತ್ರಿಕೆಯಿಂದಲೂ ತಿಳಿಯಲಾರರು. ಅನುಮಾನ ಬಂದಾಗ ‘ಇದನ್ನು ಹೇಗೆ ಮಾಡಿದೆ, ಹೇಳು ನೋಡೋಣ’ ಎಂದು ಮಗುವನ್ನೇ ಕೇಳುವುದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ.

ಇದೇ ಲೆಕ್ಕವನ್ನು ‘ಅಂಗಡಿಯಲ್ಲಿ 62 ಮಾವಿನ ಹಣ್ಣಿದ್ದವು, 38 ಮಾರಾಟವಾದವು’ ಎಂದು ವಾಕ್ಯರೂಪದಲ್ಲಿ ಕೊಟ್ಟರೆ ಮತ್ತೊಂದು ತೊಡಕು. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಅಥವಾ ತೆಲುಗು ಮಾತನಾಡಿ ಶಾಲೆಯಲ್ಲಿ ಕನ್ನಡ ಓದುವ ಮಗು, ಅಥವಾ ಮನೆಯಲ್ಲಿ ಕನ್ನಡ ಮಾತನಾಡಿ ಶಾಲೆಯಲ್ಲಿ ಇಂಗ್ಲಿಷ್ ಓದುವ ಮಗು, ವಾಕ್ಯ ಅರ್ಥವಾಗದೆ ಲೆಕ್ಕ ಬಿಟ್ಟಿರಬಹುದು. ಗಣಿತದಲ್ಲಿ ಹೋದ ಅಂಕ ನಿಜವಾಗಿ ಹೋದದ್ದು ಭಾಷೆಯಲ್ಲಿ.

ಅಂಕಕ್ಕೆ ಬೆಲೆ ಕಟ್ಟಿದಾಗ

ಅಂಕದ ಮೇಲೆ ಹಣ, ಹೆಸರು, ಹುದ್ದೆ ನಿಂತಾಗ ಏನಾಗುತ್ತದೆ ಎಂಬುದಕ್ಕೆ ಹಳೆಯ ಪಾಠವೊಂದಿದೆ. ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ಆಡಳಿತಗಾರ ‘ಫಲಿತಾಂಶಕ್ಕೆ ತಕ್ಕ ಹಣ’ ಎಂಬ ಪದ್ಧತಿ ತಂದ. ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಶಾಲೆಗೆ ಬಂದು ಓದು, ಬರಹ, ಲೆಕ್ಕ ಈ ಮೂರರಲ್ಲಿ ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ಮಗು ಒಂದೊಂದು ವಿಷಯದಲ್ಲಿ ತಪ್ಪಿದಾಗಲೂ ಶಾಲೆಯ ಅನುದಾನದಿಂದ 2 ಷಿಲಿಂಗ್ 8 ಪೆನ್ಸ್ ಕಡಿತ. ಮಕ್ಕಳಿಗೆಂದು ಆರು ಮಟ್ಟಗಳನ್ನು ಗೊತ್ತುಮಾಡಿ ಅವಕ್ಕೆ ‘ಸ್ಟ್ಯಾಂಡರ್ಡ್’ ಎಂದು ಹೆಸರಿಟ್ಟರು. ಇಂದಿಗೂ ‘ಮಗ ಎಷ್ಟನೇ ಸ್ಟ್ಯಾಂಡರ್ಡು?’ ಎಂದು ಕೇಳುವವರ ಬಾಯಲ್ಲಿ ಆ ಹಳೆಯ ಪರೀಕ್ಷೆಯ ನೆರಳಿದೆ.

ಫಲ ಏನಾಯಿತು? ಶಾಲೆಗಳು ಮೂರು ವಿಷಯಗಳ ಹೊರಗಿನದನ್ನೆಲ್ಲ ಬದಿಗೆ ಸರಿಸಿದವು. ಇನ್‌ಸ್ಪೆಕ್ಟರು ಓದಿಸುವ ಪುಸ್ತಕವನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದವು. ಸ್ವತಃ ಶಾಲಾ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಈ ಪದ್ಧತಿಯನ್ನು ಕಟುವಾಗಿ ವಿರೋಧಿಸಿದ. ಕೊನೆಗೆ 1890ರ ದಶಕದಲ್ಲಿ ಅದನ್ನು ಕೈಬಿಡಲಾಯಿತು.

ಅದೇ ತಪ್ಪು ಅಮೆರಿಕದಲ್ಲಿ ಮತ್ತೆ ನಡೆಯಿತು. 2002ರಲ್ಲಿ ಜಾರಿಗೆ ಬಂದ ಕಾನೂನಿನಂತೆ ಅಲ್ಲಿ 3ರಿಂದ 8ನೇ ತರಗತಿಯವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯವಾಯಿತು. ಫಲಿತಾಂಶ ಸುಧಾರಿಸದ ಶಾಲೆಗಳ ಮೇಲೆ ಕ್ರಮದ ತೂಗುಕತ್ತಿ. ಅಟ್ಲಾಂಟಾ ನಗರದಲ್ಲಿ 2009ರ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ತಪ್ಪು ಉತ್ತರವನ್ನು ಅಳಿಸಿ ಸರಿಯುತ್ತರ ಗುರುತಿಸಿದ್ದು ವಿಪರೀತವಾಗಿ ಕಂಡುಬಂತು. ತನಿಖೆ ನಡೆದ 56 ಶಾಲೆಗಳ ಪೈಕಿ 44ರಲ್ಲಿ ಅಕ್ರಮ ನಡೆದಿದೆಯೆಂದೂ ಅದರಲ್ಲಿ 178 ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರ ಕೈವಾಡವಿದೆಯೆಂದೂ 2011ರ ವರದಿ ಹೇಳಿತು. ಕಳ್ಳತನ ಮಾಡಿದವರು ಮಕ್ಕಳಲ್ಲ, ಗುರುಗಳು! ಆ ಮಕ್ಕಳಿಗೆ ಆದ ನಷ್ಟವೆಂದರೆ, ಅವರಿಗೆ ಓದಲು ಬರುವುದಿಲ್ಲವೆಂಬ ಸತ್ಯವೇ ಕಾಗದದಿಂದ ಅಳಿಸಿಹೋಯಿತು. ಸಿಗಬೇಕಾಗಿದ್ದ ಸಹಾಯವೂ ಅದರೊಡನೆ ಹೋಯಿತು.

ಒಂದು ಸಂಖ್ಯೆಯ ಆಧಾರದ ಮೇಲೆ ಬಹುಮಾನವನ್ನೋ ಶಿಕ್ಷೆಯನ್ನೋ ಕೊಡಲು ಹೊರಟಷ್ಟೂ ಆ ಸಂಖ್ಯೆ ಕೆಡುತ್ತದೆ ಎಂದು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದ. ಜ್ವರ ಬಂದ ಮಗುವನ್ನು ಹೊಡೆಯುವ ಮನೆಯಲ್ಲಿ ಮಗು ಥರ್ಮಾಮೀಟರನ್ನು ಬಚ್ಚಿಡಲು ಕಲಿಯುತ್ತದೆ.

ವಿಚಿತ್ರವೆಂದರೆ ಮಕ್ಕಳ ಪರೀಕ್ಷೆಯ ಮೂಲ ಉದ್ದೇಶ ಹೀಗಿರಲಿಲ್ಲ. 1905ರಲ್ಲಿ ಪ್ಯಾರಿಸ್ಸಿನ ಆಲ್‌ಫ್ರೆಡ್ ಬಿನೆ ತನ್ನ ಸಹೋದ್ಯೋಗಿ ಸಿಮೋನ್ ಜೊತೆ ಸೇರಿ ಮೊದಲ ಬುದ್ಧಿಪರೀಕ್ಷೆಯನ್ನು ರಚಿಸಿದ್ದು ತರಗತಿಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಪಾಠ ಸಿಗಲೆಂದು. ಮಕ್ಕಳಿಗೆ ದಡ್ಡ, ಜಾಣ ಎಂಬ ಶಾಶ್ವತ ಮುದ್ರೆ ಒತ್ತುವುದಕ್ಕೆ ಅವನ ವಿರೋಧವೇ ಇತ್ತು. ಮುದ್ರೆ ಒತ್ತುವ ಕೆಲಸವನ್ನು ಮಾಡಿದವರು ನಂತರ ಬಂದವರು.

ಎಚ್.ಡಿ. ಕೋಟೆಯ ಏಣಿ

ಮಕ್ಕಳನ್ನು ಹೆದರಿಸದೆ ಅಳೆಯುವ ದಾರಿಯನ್ನು ಹುಡುಕಲು ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ‘ನಲಿ-ಕಲಿ’ ಅಂಥದೊಂದು ದಾರಿ. ಆಂಧ್ರದ ಋಷಿವ್ಯಾಲಿಯ ಪ್ರಯೋಗವನ್ನು ನೋಡಿ ಬಂದ ಶಿಕ್ಷಕರು ಅದನ್ನು ಇಲ್ಲಿಯ ಸರ್ಕಾರಿ ಶಾಲೆಗಳಿಗೆ ಒಗ್ಗಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು.

ನಲಿ-ಕಲಿಯಲ್ಲಿ ಪಾಠ ಒಂದು ಏಣಿಯಂತೆ ಜೋಡಣೆಯಾಗಿರುತ್ತದೆ. ಮಗು ಒಂದೊಂದೇ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಮೆಟ್ಟಿಲುಗಳ ನಡುವೆಯೇ ಕಲಿತದ್ದನ್ನು ಪರೀಕ್ಷಿಸುವ ಕಾರ್ಡುಗಳೂ ಇರುತ್ತವೆ. ಬಂದರೆ ಮುಂದಕ್ಕೆ, ಬಾರದಿದ್ದರೆ ಅದೇ ಪಾಠದ ಬೇರೆ ಚಟುವಟಿಕೆ. ಜ್ವರ ಬಂದು ಹದಿನೈದು ದಿನ ಶಾಲೆ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಲು ಶುರುಮಾಡಬಹುದು. ಪರೀಕ್ಷೆ ನಡೆದದ್ದು ಮಗುವಿಗೆ ಗೊತ್ತೂ ಆಗುವುದಿಲ್ಲ. ಗೊತ್ತಾಗಬೇಕಾದವರು ಶಿಕ್ಷಕರು, ಅವರಿಗೆ ಗೊತ್ತಾಗುತ್ತದೆ. ಇದು ಎಲ್ಲ ಶಾಲೆಗಳಲ್ಲೂ ಚೆನ್ನಾಗಿ ನಡೆದಿದೆಯೆಂದು ಹೇಳಲಾಗದು. ಒಬ್ಬರೇ ಶಿಕ್ಷಕರು ಹಲವು ತರಗತಿ ನೋಡಬೇಕಾದ ಕಡೆ, ದಾಖಲೆ ತುಂಬುವುದೇ ಕೆಲಸವಾದ ಕಡೆ ಏಣಿ ಗೋಡೆಯ ಮೇಲಿನ ಚಿತ್ರವಾಗಿ ಉಳಿಯುವ ಅಪಾಯವಿದೆ. ಆದರೆ ಅದರ ಹಿಂದಿನ ವಿಚಾರ ಗಟ್ಟಿಯಾದದ್ದು.

ನಾಲ್ಕನೇ ತರಗತಿಯಿಂದ ಮೇಲೆ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಬರುತ್ತವೆ. ರೂಪಣಾತ್ಮಕ ಎಂಬ ಹೆಸರೇ ಅದು ಮಗುವನ್ನು ರೂಪಿಸಲು ಇರುವುದೆಂದು ಹೇಳುತ್ತದೆ. ವಾಸ್ತವದಲ್ಲಿ ಅದು ಎಷ್ಟೋ ಕಡೆ ಇನ್ನೊಂದು ಕಿರುಪರೀಕ್ಷೆಯಾಗಿ, ಕಂಪ್ಯೂಟರಿಗೆ ತುಂಬಬೇಕಾದ ಇನ್ನೊಂದು ಅಂಕವಾಗಿ ಮುಗಿದುಹೋಗುತ್ತದೆ.

ಐದನೇ ತರಗತಿಯ ರಾಜ್ಯಮಟ್ಟದ ಪರೀಕ್ಷೆಗೂ ಇದೇ ಕೊರತೆ ಇತ್ತು. ಮಾರ್ಚ್ ಕೊನೆಯಲ್ಲಿ ಬರೆದ ಪತ್ರಿಕೆಯ ಅಂಕ ಬರುವಷ್ಟರಲ್ಲಿ ಬೇಸಿಗೆ ರಜೆ. ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಐದನೆಯದೇ ಕೊನೆಯ ತರಗತಿ. ಜೂನ್ ತಿಂಗಳಲ್ಲಿ ಮಗು ಬೇರೆ ಶಾಲೆಯ ಆರನೇ ತರಗತಿಯಲ್ಲಿರುತ್ತದೆ. ಹಳೆಯ ಶಿಕ್ಷಕರ ಬಳಿ ಅಂಕ ಇದೆ, ಮಗು ಇಲ್ಲ. ಹೊಸ ಶಿಕ್ಷಕರ ಬಳಿ ಮಗು ಇದೆ, ಅದರ ತಪ್ಪುಗಳ ಲೆಕ್ಕ ಇಲ್ಲ. ಊರೆಲ್ಲ ಬೆವರಿ ನಡೆಸಿದ ಪರೀಕ್ಷೆ ಯಾರ ಕೈಗೂ ಸಿಗದೆ ಹೋಗುವುದು ಹೀಗೆ.

ಸರಾಸರಿಯ ಮಾಯೆ

ಶಾಲೆ ಆರಿಸುವಾಗ ಪೋಷಕರು ಫಲಿತಾಂಶದ ಸರಾಸರಿ ನೋಡುವುದುಂಟು. ಅಲ್ಲೂ ಎಚ್ಚರ ಬೇಕು. ಹಳ್ಳಿಯ ಶಾಲೆಯೊಂದರ ಐದನೇ ತರಗತಿಯಲ್ಲಿ ಎಂಟೇ ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳೋಣ. ಪರೀಕ್ಷೆಯ ಹಿಂದಿನ ರಾತ್ರಿ ಊರಹಬ್ಬ. ಇಬ್ಬರು ಮಕ್ಕಳು ನಿದ್ದೆಗೆಟ್ಟು ಎಂದಿಗಿಂತ ಇಪ್ಪತ್ತು ಅಂಕ ಕಡಿಮೆ ತೆಗೆದರೆ ಶಾಲೆಯ ಸರಾಸರಿ ಐದು ಅಂಕ ಕುಸಿಯುತ್ತದೆ. ಪಟ್ಟಣದ ಶಾಲೆಯಲ್ಲಿ ಎಂಬತ್ತು ಮಕ್ಕಳಿದ್ದು ಅದೇ ಇಬ್ಬರು ಹಾಗೆ ಮಾಡಿದ್ದರೆ ಕುಸಿತ ಅರ್ಧ ಅಂಕ ಮಾತ್ರ. ಚಿಕ್ಕ ಶಾಲೆ ಒಂದು ವರ್ಷ ತಾಲ್ಲೂಕಿಗೇ ಮೊದಲಾಗುವುದು, ಮರುವರ್ಷ ಕೊನೆಯಾಗುವುದು ಎಷ್ಟೋ ಸಲ ಕಲಿಸುವಿಕೆಯಿಂದಲ್ಲ, ಇಂಥ ಲೆಕ್ಕದಿಂದ. ಇದಲ್ಲದೆ ಮನೆಯಲ್ಲಿ ಓದಿದ ತಂದೆತಾಯಿ, ಸಂಜೆಗೆ ಟ್ಯೂಷನ್ ಇರುವ ಮಕ್ಕಳ ಶಾಲೆಯ ಸರಾಸರಿಯನ್ನು, ಮನೆಯಲ್ಲಿ ಅಕ್ಷರ ಬಲ್ಲವರೇ ಇಲ್ಲದ ಮಕ್ಕಳ ಶಾಲೆಯ ಸರಾಸರಿಯ ಪಕ್ಕದಲ್ಲಿಟ್ಟು ಶಿಕ್ಷಕರನ್ನು ತೂಗುವುದು ನ್ಯಾಯವಲ್ಲ.

ಪೋಷಕರು ಕೇಳಬೇಕಾದದ್ದು

ಹಾಗಾದರೆ ಪ್ರಗತಿಪತ್ರಕ್ಕೆ ಸಹಿ ಹಾಕಲು ಶಾಲೆಗೆ ಹೋಗುವ ತಂದೆತಾಯಿ ಏನು ಮಾಡಬೇಕು? ಮೊದಲನೆಯದಾಗಿ, ಅಂಕಪಟ್ಟಿಗಿಂತ ಉತ್ತರಪತ್ರಿಕೆಯನ್ನು ನೋಡಬೇಕು. ‘ಎಷ್ಟು ಬಂತು?’ ಎಂಬುದರ ಜೊತೆಗೆ ‘ಎಲ್ಲಿ ತಪ್ಪಿದೆ?’ ಎಂದು ಕೇಳಬೇಕು. ‘ಗಣಿತದಲ್ಲಿ ವೀಕು’ ಎಂಬ ಉತ್ತರ ಸಾಲದು. ಕಳೆಯುವುದರಲ್ಲೋ, ಭಾಗಿಸುವುದರಲ್ಲೋ, ಪ್ರಶ್ನೆ ಓದಿ ತಿಳಿಯುವುದರಲ್ಲೋ ಎಂದು ವಿನಯದಿಂದಲೇ ಕೇಳಿ ತಿಳಿಯಬೇಕು. ಎರಡನೆಯದಾಗಿ, ‘ಮುಂದಿನ ತಿಂಗಳು ಶಾಲೆ ಏನು ಮಾಡುತ್ತದೆ, ಮನೆಯಲ್ಲಿ ನಾವೇನು ಮಾಡಬೇಕು?’ ಎಂದು ವಿಚಾರಿಸಬೇಕು. ಮೂರನೆಯದಾಗಿ, ಮಗುವಿನ ಈ ಬಾರಿಯ ಓದನ್ನು ಅದರ ಹಿಂದಿನ ಓದಿನೊಡನೆ ಹೋಲಿಸಬೇಕೇ ಹೊರತು ಪಕ್ಕದ ಮನೆಯ ಮಗುವಿನೊಡನೆ ಅಲ್ಲ.

ಓದಲು ಬಾರದ ತಾಯಿ ಈ ಪ್ರಶ್ನೆಗಳನ್ನು ಹೇಗೆ ಕೇಳಬೇಕು ಎಂದು ಯಾರಾದರೂ ಅನ್ನಬಹುದು. ಆಕೆ ಕೇಳಲು ಅಕ್ಷರ ಬೇಕಾಗಿಲ್ಲ. ಸಂಜೆ ಒಲೆಯ ಮುಂದೆ ಮಗುವನ್ನು ಕೂರಿಸಿಕೊಂಡು ‘ಒಂದು ಕಥೆ ಓದಿ ಹೇಳು’ ಎಂದರೆ ಸಾಕು. ಮಗು ತಡವರಿಸುವುದೂ, ಪುಸ್ತಕದತ್ತ ನೋಡದೆ ಬಾಯಿಪಾಠ ಒಪ್ಪಿಸುವುದೂ ತಾಯಿಯ ಕಿವಿಗೆ ತಿಳಿಯುತ್ತದೆ. ಅಸರ್‌ನ ಸ್ವಯಂಸೇವಕರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಮಕ್ಕಳಿಗೂ ಒಂದು ಮಾತು ಹೇಳಬೇಕಾಗಿದೆ. ತಿದ್ದಿ ಬಂದ ಉತ್ತರಪತ್ರಿಕೆಯನ್ನು ಬ್ಯಾಗಿನ ತಳಕ್ಕೆ ತುರುಕುವುದು ಬೇಡ. ಕೆಂಪು ಶಾಯಿಯ ಗುರುತು ಬಿದ್ದ ಲೆಕ್ಕವೇ ಆ ಹಾಳೆಯ ಅತ್ಯಂತ ಬೆಲೆಬಾಳುವ ಭಾಗ. ಅದನ್ನು ತೆಗೆದುಕೊಂಡು ಹೋಗಿ ‘ಮಿಸ್, ಇಲ್ಲಿ 34 ಯಾಕೆ ಬರಲಿಲ್ಲ?’ ಎಂದು ಕೇಳುವ ಹುಡುಗಿ ಅಂದಿನ ಪಾಠವನ್ನು ಗೆದ್ದಂತೆಯೇ. ಹತ್ತು ಹತ್ತು ಕಡ್ಡಿಗಳ ಆರು ಕಟ್ಟು, ಎರಡು ಬಿಡಿ ಕಡ್ಡಿಯನ್ನು ಅವಳ ಮುಂದಿಟ್ಟು, ಒಂದು ಕಟ್ಟಿನ ದಾರವನ್ನು ಅವಳ ಕೈಯಲ್ಲೇ ಬಿಚ್ಚಿಸಿ, ‘ಈಗ ಎಷ್ಟು ಕಟ್ಟು ಉಳಿಯಿತು, ಎಣಿಸು’ ಎನ್ನಲು ಶಿಕ್ಷಕಿಗೆ ಐದು ನಿಮಿಷ ಬೇಕು. ಆ ಐದು ನಿಮಿಷ ಸಿಕ್ಕರೆ ಪರೀಕ್ಷೆ ಸಾರ್ಥಕ. ಸಿಗದಿದ್ದರೆ ಅದು ರಾಜ್ಯಮಟ್ಟದ್ದಾದರೂ ಅಷ್ಟೇ, ಶಾಲೆಯ ಮಟ್ಟದ್ದಾದರೂ ಅಷ್ಟೇ.